ಅಳಿವೆ ಬದಿಯ ಏಡಿ ಬಲೆಗೆ ಬೀಳುವ ಬೂದು ಹಾವು ಯಾವುದು? ವಿಷ ಉಂಟಾ?

ಹೊಳೆಬದಿ_ಉಡುಪಿ

ಸ್ವರ್ಣಾ ಹೊಳೆಯಲ್ಲಿ, ಕೋಡಿಬೆಂಗ್ರೆಯಿಂದ ಸ್ವಲ್ಪ ಮೇಲೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ ರಾತ್ರಿ ಇಡುವ ಏಡಿ ಬಲೆಗಳಿಗೆ ಒಂದೇ ಜಾತಿಯ ಹಾವು ಮತ್ತೆ ಮತ್ತೆ ಬೀಳುತ್ತಾ ಉಂಟು. ಉದ್ದ ಎರಡು, ಎರಡೂವರೆ ಅಡಿ. ಮೈ ಕೆಸರಿನ ಬೂದು ಬಣ್ಣ, ಅದರ ಮೇಲೆ ಮಾಸಲು ಕಪ್ಪು ಪಟ್ಟೆ. ಹೊಟ್ಟೆ ಹಳದಿ ಕಲೆತ ಬಿಳಿ, ಅಲ್ಲಲ್ಲಿ ಕಪ್ಪು ಮಚ್ಚೆ. ಕಣ್ಣು ಸಣ್ಣದು, ನೆತ್ತಿಯ ಮೇಲೆಯೇ ಕೂತ ಹಾಗೆ ಕಾಣುತ್ತದೆ. ಮೈ ದೊರಗು. ಕೆಲವರು ನೀರೊಳ್ಳೆ ಅನ್ನುತ್ತಾರೆ, ಕೆಲವರು ಕಡಲ ಹಾವು ಅನ್ನುತ್ತಾರೆ, ಒಬ್ಬರಂತೂ ಕೊಳಕು ಮಂಡಲದ ಮರಿ ಎಂದು ಪಟ್ಟು ಹಿಡಿದು ಕೂತಿದ್ದಾರೆ.

ಇದು ಯಾವ ಹಾವು, ಕಚ್ಚಿದರೆ ಎಂತ ಮಾಡಬೇಕು, ಬಲೆಯಿಂದ ಜೀವಸಹಿತ ಬಿಡಿಸುವುದು ಹೇಗೆ? ಅರ್ಧಕ್ಕರ್ಧ ಬೆಳಿಗ್ಗೆ ಸತ್ತೇ ಸಿಗುತ್ತವೆ. ಅದನ್ನು ತಪ್ಪಿಸಲು ಆಗುತ್ತದಾ?

ಕಾಂಡ್ಲಾ_ಕಾವಲು

ನೀವು ಹೇಳಿದ್ದು ನಾಯಿಮುಖದ ನೀರು ಹಾವು. ಶಾಸ್ತ್ರೀಯ ಹೆಸರು ಸೆರ್ಬೆರಸ್ ರಿಂಕಾಪ್ಸ್. ಅಳಿವೆ, ಕಾಂಡ್ಲಾ, ಉಪ್ಪುನೀರು ಹತ್ತುವ ತೋಡು, ಇಷ್ಟೇ ಅದರ ಊರು. ಸಾಮಾನ್ಯವಾಗಿ ಎರಡರಿಂದ ಮೂರು ಅಡಿ, ಅಪರೂಪಕ್ಕೆ ಒಂದು ಮೀಟರ್ ದಾಟುತ್ತದೆ. ಹಗಲಿಡೀ ಏಡಿಯ ಬಿಲದಲ್ಲೋ ಕೆಸರಿನಲ್ಲೋ ಹುದುಗಿದ್ದು ಕತ್ತಲಾದ ಮೇಲೆ ಹೊರಡುತ್ತದೆ.

ಮಂಡಲ ಎಂದವರನ್ನು ನಗಾಡಬೇಡಿ. ಪುಸ್ತಕದಲ್ಲಿ ಬರುವ ಗುರುತುಗಳನ್ನು ಇಟ್ಟುಕೊಂಡು ನೋಡಿದರೆ ಯಾರೂ ಮೋಸ ಹೋಗುವ ಹಾವು ಇದು. ಕಣ್ಣಿನ ಪಾಪೆ ಉದ್ದುದ್ದ ಸೀಳಿನಂತೆ ಇರುತ್ತದೆ. ಮೈಯ ಪ್ರತಿ ಹುರುಪೆಯ ನಡುವೆ ಒಂದು ಏಣು. ನೆತ್ತಿಯ ಹಿಂಭಾಗದಲ್ಲಿ, ಬೇರೆ ನೀರು ಹಾವುಗಳಿಗೆ ಎರಡು ದೊಡ್ಡ ಫಲಕ ಇರುವ ಜಾಗದಲ್ಲಿ, ಇದಕ್ಕೆ ಒಡೆದು ಚೂರಾದ ಸಣ್ಣ ಹುರುಪೆಗಳು. ಮೂರೂ ಮಂಡಲದ ಲಕ್ಷಣ ಎಂದೇ ನಮಗೆ ಕಲಿಸಿದ್ದು. ಹಾಗಾಗಿ ಆ ಗುರುತುಗಳನ್ನು ಹೊಳೆಬದಿಯಲ್ಲಿ ಬದಿಗಿಡಿ. ಬದಲಿಗೆ ಇವನ್ನು ನೋಡಿ: ಕಣ್ಣು ಮತ್ತು ಮೂಗಿನ ಹೊಳ್ಳೆ ಎರಡೂ ತಲೆಯ ಮೇಲ್ಭಾಗದಲ್ಲಿವೆಯಾ? ಕಣ್ಣನ್ನು ಹಾದು ಕುತ್ತಿಗೆಯ ಪಕ್ಕದತ್ತ ಒಂದೇ ಒಂದು ಕಪ್ಪು ಗೆರೆ ಹೋಗುತ್ತದಾ? ಕೊಳಕು ಮಂಡಲದ ಬೆನ್ನಿನಲ್ಲಿ ಅಂಚುಕಟ್ಟಿದ ದುಂಡು ಮಚ್ಚೆಗಳ ಮೂರು ಸಾಲು ಸ್ಪಷ್ಟವಾಗಿ ಇರುತ್ತವೆ, ಮೈ ದಪ್ಪ, ಬುಸುಗುಟ್ಟುವ ಸದ್ದಂತೂ ಕುಕ್ಕರ್‌ನ ಹಾಗೆ. ಅದು ಕಾಂಡ್ಲಾದ ಕೆಸರಿನಲ್ಲಿ ಮೀನು ಹಿಡಿಯಲು ಬರುವ ಹಾವೂ ಅಲ್ಲ.

ನೀರೊಳ್ಳೆಯನ್ನು ಬೇರೆ ಮಾಡುವುದು ಸುಲಭ. ಅದರ ಮೈಯಲ್ಲಿ ಚೌಕುಳಿ, ಕಣ್ಣಿನ ಕೆಳಗೊಂದು ಹಿಂದೊಂದು ಓರೆ ಕಪ್ಪು ಗೆರೆ, ಪಾಪೆ ದುಂಡು, ತಲೆಯ ಮೇಲೆ ಅಚ್ಚುಕಟ್ಟಾದ ದೊಡ್ಡ ಫಲಕಗಳು. ಗದ್ದೆ, ಕೆರೆ, ಸಿಹಿನೀರಿನ ತೋಡು ಅದರ ಜಾಗ, ಹಗಲಲ್ಲೂ ಓಡಾಡುತ್ತದೆ. ಮೊದಲ ಮಳೆಗೆ ಹತ್ತುಮೀನು ಹಿಡಿಯುವಾಗ ಬೈಲು ಗದ್ದೆಯ ಅಂಚಿನಲ್ಲಿ ಮೀನಿಗೆ ಪೈಪೋಟಿಗೆ ನಿಲ್ಲುವುದು ಅದೇ.

ಗಾಳದ_ಗೆಳೆಯ

ನೀರಲ್ಲಿರುವ ಹಾವು ಕಚ್ಚುವುದಿಲ್ಲ, ಕಚ್ಚಿದರೂ ವಿಷ ಏರುವುದಿಲ್ಲ ಅಂತ ಹಿರಿಯರು ಹೇಳ್ತಾರಲ್ಲ. ಕೈಯಲ್ಲಿ ಹಿಡಿದು ಬಿಸಾಡಿದ್ರೆ ಆಯ್ತು. ಇಷ್ಟು ದೊಡ್ಡ ವಿಷಯ ಮಾಡುವುದು ಎಂತಕ್ಕೆ ಮಾರಾಯ್ರೆ?

ಕಾಂಡ್ಲಾ_ಕಾವಲು

ಬೇಡಿ ಮಾರಾಯ್ರೆ, ಆ ಮಾತನ್ನು ಅಳಿವೆಯಲ್ಲಿ ನಂಬಲೇ ಬೇಡಿ. ಬೈಲಿನ ಕೆರೆಯಲ್ಲಿ ಅದು ಹೆಚ್ಚುಕಡಿಮೆ ಸರಿ. ಉಪ್ಪುನೀರು ಬರುವ ಜಾಗದಲ್ಲಿ ಕಡಲ ಹಾವೂ ಬರುತ್ತದೆ. ಅದರಲ್ಲೂ ಕೊಕ್ಕಿನಂತೆ ಬಾಗಿದ ಮೂತಿಯ ಕಡಲ ಹಾವು (ಹೈಡ್ರೋಫಿಸ್ ಸ್ಕಿಸ್ಟೋಸಸ್) ಅಳಿವೆಯ ಒಳಗೆ, ಹೊಳೆಯಲ್ಲಿ ಮೇಲಕ್ಕೆ ಕೂಡ ಭರತದ ಜೊತೆ ಹತ್ತುತ್ತದೆ. ಅದೂ ಬೂದು ಬಣ್ಣವೇ, ಅದಕ್ಕೂ ಮಾಸಲು ಪಟ್ಟೆಯೇ. ಟಾರ್ಚ್ ಬೆಳಕಿನಲ್ಲಿ ಬಲೆಯೊಳಗೆ ಸುತ್ತಿಕೊಂಡಿರುವಾಗ ಬಣ್ಣ ನೋಡಿ ಹೇಳಲು ಹೋದರೆ ಕೆಟ್ಟಿರಿ.

ಬಾಲ ನೋಡಿ. ಮೊದಲು ಬಾಲ, ಆಮೇಲೆ ಉಳಿದದ್ದು. ಕಡಲ ಹಾವಿನ ಬಾಲ ದೋಣಿಯ ಹುಟ್ಟಿನಂತೆ ಪಕ್ಕಕ್ಕೆ ಚಪ್ಪಟೆ, ತುದಿ ಅಗಲವಾಗಿ ದುಂಡಗೆ. ನಾಯಿಮುಖದ ಹಾವಿನ ಬಾಲ ಬುಡದಲ್ಲಿ ಚೂರು ಒತ್ತಿದಂತೆ ಕಂಡರೂ ತುದಿಗೆ ಹೋಗುತ್ತಾ ಸಪೂರವಾಗಿ ಚೂಪಾಗುತ್ತದೆ. ಬಾಲ ಬಲೆಯೊಳಗೆ ಮುಚ್ಚಿಹೋಗಿದ್ದರೆ ಹೊಟ್ಟೆ ನೋಡಿ: ನಾಯಿಮುಖದ ಹಾವಿಗೆ ಹೊಟ್ಟೆಯ ಅಡ್ಡಕ್ಕೂ ಅಗಲ ಹುರುಪೆಗಳ ಸಾಲು, ಅದರಿಂದಲೇ ಕೆಸರಿನ ಮೇಲೆ ಹರಿದಾಡಲು ಆಗುವುದು. ಈ ಕೊಕ್ಕುಮೂತಿಯ ಕಡಲ ಹಾವಿಗೆ ಹೊಟ್ಟೆಯ ಹುರುಪೆ ಕಿರಿದು, ಪಕ್ಕದ ಹುರುಪೆಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ.

ಎರಡರಲ್ಲಿ ಯಾವುದೂ ಸ್ಪಷ್ಟ ಆಗದಿದ್ದರೆ ಬಲೆಗೆ ಕೈ ಹಾಕಬೇಡಿ. ಬಲೆ ಹೋದರೆ ಹೋಗಲಿ.

ಪಾಠದ_ಮೇಷ್ಟ್ರು

ಬಲೆಗೆ ಬೀಳುವ ಇನ್ನೊಂದನ್ನು ಸೇರಿಸುತ್ತೇನೆ. ಚರ್ಮ ಎರಡು ಅಳತೆ ದೊಡ್ಡ ಅಂಗಿ ತೊಟ್ಟಷ್ಟು ಸಡಿಲ, ಮುಟ್ಟಿದರೆ ಮರಳು ಕಾಗದ. ಅದು ಅಕ್ರೋಕಾರ್ಡಸ್ ಗ್ರಾನುಲೇಟಸ್. ಅದಕ್ಕೆ ವಿಷವೇ ಇಲ್ಲ. ಹೊಟ್ಟೆಯಲ್ಲಿ ಅಗಲ ಹುರುಪೆ ಇಲ್ಲದ್ದರಿಂದ ಮೇಲೆ ಹೇಳಿದ ಹೊಟ್ಟೆ ಪರೀಕ್ಷೆಯಲ್ಲಿ ಇದೂ ಕಡಲ ಹಾವಿನ ಕಡೆಗೆ ಬೀಳುತ್ತದೆ. ಬೀಳಲಿ, ಅನುಮಾನ ಆ ಬದಿಗೆ ತಪ್ಪಿದರೆ ನಷ್ಟ ಇಲ್ಲ. ಅದನ್ನು ದಡಕ್ಕೆ ಹಾಕಿದರೆ ಬಟ್ಟೆಯ ಗಂಟಿನಂತೆ ಬಿದ್ದಿರುತ್ತದೆ, ನೆಲದ ಮೇಲೆ ಹರಿಯಲು ಬಾರದು. ನೀರಿನೊಳಗೆ ಎರಡು ಗಂಟೆಗೂ ಹೆಚ್ಚು ಉಸಿರು ಹಿಡಿದಿರುವುದು ದಾಖಲಾಗಿದೆ.

ಈಗ ವಿಷದ ಪ್ರಶ್ನೆಗೆ. ನಾಯಿಮುಖದ ಹಾವಿಗೆ ವಿಷ ಉಂಟು, ಮೀನಿಗೆ ಸಾಕಾಗುವಷ್ಟು. ವಿಷದ ಹಲ್ಲು ಬಾಯಿಯ ಮುಂದುಗಡೆ ಇಲ್ಲ. ಮೇಲ್ದವಡೆಯ ಸಾಲಿನ ಕೊನೆಯಲ್ಲಿ ಎರಡೂ ಬದಿಗೆ ಸ್ವಲ್ಪ ದೊಡ್ಡದಾದ, ಗೀರು ಇರುವ ಹಲ್ಲುಗಳು. ವಿಷ ಸೂಜಿಮದ್ದಿನಂತೆ ಒತ್ತಡದಿಂದ ಒಳಹೋಗುವುದಲ್ಲ, ಆ ಗೀರಿನಲ್ಲಿ ಇಳಿಯುವುದು. ಅದಕ್ಕೇ ಅದು ಮೀನನ್ನು ಕಚ್ಚಿ ಬಿಡುವುದಿಲ್ಲ. ಹಿಡಿದ ಹಿಡಿತದಲ್ಲೇ ದವಡೆ ಆಡಿಸಿ ಹಿಂದಿನ ಹಲ್ಲಿನವರೆಗೆ ತಂದುಕೊಳ್ಳುತ್ತದೆ, ಮೀನು ಸೋತ ಮೇಲೆ ತಿರುಗಿಸಿ ತಲೆಯಿಂದ ನುಂಗುತ್ತದೆ. ಮನುಷ್ಯರ ಕೈಗೆ ಥಟ್ಟನೆ ಬಾಯಿ ಹಾಕಿ ಬಿಟ್ಟರೆ ಮುಂದಿನ ಸಣ್ಣ ಹಲ್ಲಿನ ಗೀರು ಮಾತ್ರ ಬೀಳುವುದು ಇದೇ ಕಾರಣಕ್ಕೆ. ಕಚ್ಚಿಕೊಂಡು ಜಗಿಯಲು ಬಿಟ್ಟರೆ ಆ ಜಾಗದಲ್ಲಿ ನೋವು, ಬಾವು ಬರಬಹುದು.

ವಿಷವನ್ನು ಬಿಡಿಸಿ ನೋಡಿದವರಿಗೆ 2010ರಲ್ಲಿ ಬೇರೆ ಯಾವ ಹಾವಿನ ವಿಷದಲ್ಲೂ ಅಲ್ಲಿಯತನಕ ಕಾಣದ ಪ್ರೋಟೀನುಗಳ ಗುಂಪೊಂದು ಸಿಕ್ಕಿತು. ಹಾವಿನ ಹೆಸರಿನಿಂದಲೇ ಅದಕ್ಕೆ ರಿಂಕೋಲಿನ್ ಎಂದು ಹೆಸರಿಟ್ಟರು. ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆಯಲ್ಲಿರುವ ಫೈಕೋಲಿನ್ ಎಂಬ ಪ್ರೋಟೀನಿಗೆ ಅದರ ರಚನೆ ಹತ್ತಿರ. ನಾಲ್ಕು ದೊಡ್ಡ ವಿಷದ ಹಾವುಗಳ ಬಗ್ಗೆಯೇ ತಲೆ ಕೆಡಿಸಿಕೊಳ್ಳುವ ನಾವು ಕೆಸರಿನ ಈ ಬಡಪಾಯಿಯನ್ನು ತಿರುಗಿಯೂ ನೋಡುವುದಿಲ್ಲ.

ಕಚ್ಚಿದರೆ ಕೈ ಎಳೆದುಕೊಳ್ಳಬೇಡಿ, ಹಿಂದಕ್ಕೆ ಬಾಗಿದ ಹಲ್ಲು ಚರ್ಮ ಸೀಳುತ್ತದೆ, ಮುರಿದು ಒಳಗೂ ಉಳಿಯುತ್ತದೆ. ನೀರಿನಲ್ಲಿ ಮುಳುಗಿಸಿ ಹಿಡಿದರೆ ಬಿಡುತ್ತದೆ ಎಂದು ಕಾಯಲೂ ಬೇಡಿ, ಉಸಿರು ಹಿಡಿಯುವುದರಲ್ಲಿ ಅದು ನಿಮ್ಮನ್ನು ಸೋಲಿಸುತ್ತದೆ. ಚಪ್ಪಟೆಯಾದ ಏನಾದರೂ, ಪ್ಲಾಸ್ಟಿಕ್ ಕಾರ್ಡು ಸಾಕು, ಬಾಯಿಯ ಪಕ್ಕದಿಂದ ತೂರಿಸಿ ದವಡೆ ಮೆಲ್ಲ ಎತ್ತಿ, ತಲೆಯನ್ನು ಸ್ವಲ್ಪ ಮುಂದಕ್ಕೆ ತಳ್ಳಿ ಬಿಡಿಸಿ. ಆಮೇಲೆ ಸಾಬೂನು ಹಾಕಿ ಹರಿಯುವ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಉಂಗುರ, ಬಳೆ, ಗಡಿಯಾರ ಕೂಡಲೇ ತೆಗೆಯಿರಿ, ಬಾವು ಬಂದ ಮೇಲೆ ತೆಗೆಯಲು ಆಗುವುದಿಲ್ಲ. ಟಿಟಿ ಇಂಜೆಕ್ಷನ್ ಆಗಿ ಐದು ವರ್ಷ ದಾಟಿದ್ದರೆ ಹಾಕಿಸಿಕೊಳ್ಳಿ. ಈ ಹಾವಿಗೆ ಪ್ರತಿವಿಷ ಬೇಡ. ಅಳಿವೆಯ ಕೆಸರುನೀರು ಗಾಯಕ್ಕೆ ಹೋಗಿರುತ್ತದೆ, ಹಾಗಾಗಿ ಮಾರನೆಯ ದಿನ ಬಾವು ಇಳಿಯುವ ಬದಲು ಹೆಚ್ಚಾದರೆ, ಕೆಂಪು ಮೇಲೇರಿದರೆ, ಜ್ವರ ಬಂದರೆ ಅದು ಸೋಂಕು. ಸಕ್ಕರೆ ಕಾಯಿಲೆ, ಲಿವರ್ ತೊಂದರೆ ಇರುವವರು ಅಷ್ಟು ಹೊತ್ತೂ ಕಾಯಬಾರದು.

ಹೊಳೆಬದಿ_ಉಡುಪಿ

ಬಾಲದ ವಿಷಯ ಹೇಳಿದ್ದು ಉಪಕಾರ. ಫೋಟೋ ಹಿಗ್ಗಿಸಿ ನೋಡಿದರೆ ಚೂಪು ಬಾಲವೇ. ಆದರೆ ಅಕಸ್ಮಾತ್ ಕಡಲ ಹಾವೇ ಕಚ್ಚಿದರೆ ಇಲ್ಲಿ ಇಂಜೆಕ್ಷನ್ ಸಿಗುತ್ತದಾ?

ಪಾಠದ_ಮೇಷ್ಟ್ರು

ನಮ್ಮ ದೇಶದಲ್ಲಿ ತಯಾರಾಗುವ ಪ್ರತಿವಿಷ ನಾಗರ ಹಾವು, ಕಟ್ಟು ಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಕಡಲ ಹಾವು ಅದರಲ್ಲಿ ಸೇರಿಲ್ಲ. ಹಾಗೆಂದು ಆಸ್ಪತ್ರೆಗೆ ಹೋಗಿ ಪ್ರಯೋಜನ ಇಲ್ಲ ಎಂದು ತಿಳಿದರೆ ಅದು ದೊಡ್ಡ ತಪ್ಪು. ಅದರ ವಿಷ ಸ್ನಾಯುಗಳನ್ನು ಕೆಡಿಸುತ್ತದೆ, ನರಗಳ ಮೂಲಕ ಉಸಿರಾಟವನ್ನೂ ನಿಲ್ಲಿಸುತ್ತದೆ. ವೆಂಟಿಲೇಟರ್, ಬೇಕಾದರೆ ಡಯಾಲಿಸಿಸ್, ಇವೇ ಜೀವ ಉಳಿಸುವುದು. ಆದ್ದರಿಂದ ಇವೆರಡೂ ಇರುವ ದೊಡ್ಡ ಆಸ್ಪತ್ರೆಗೆ ನೇರ ಹೋಗಬೇಕು.

ಮೋಸ ಎಲ್ಲಿ ಅಂದರೆ, ಕಚ್ಚಿದ ಜಾಗದಲ್ಲಿ ನೋವೂ ಇರುವುದಿಲ್ಲ, ಬಾವೂ ಇರುವುದಿಲ್ಲ. ಅರ್ಧ ಗಂಟೆಯಿಂದ ಕೆಲವು ಗಂಟೆಗಳ ಮೇಲೆ ಮೈಕೈ ನೋವು, ಕುತ್ತಿಗೆ ಬಿಗಿತ, ದವಡೆ ತೆರೆಯಲು ಕಷ್ಟ, ರೆಪ್ಪೆ ಜೋತು ಬೀಳುವುದು ಶುರು. ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದರೆ ಸ್ನಾಯು ಕೆಟ್ಟು ಮೂತ್ರಪಿಂಡಕ್ಕೂ ಅಪಾಯ ಬಂದಿದೆ ಎಂದರ್ಥ. ಹೊಳೆಯಲ್ಲಿ ಕಚ್ಚಿದ್ದು ಯಾವ ಹಾವು ಎಂದು ತಿಳಿಯದಿದ್ದರೆ ಇದನ್ನೇ ಕಡಲ ಹಾವು ಎಂದು ಇಟ್ಟುಕೊಂಡು ಹೊರಡಿ. ಕೈಯೋ ಕಾಲೋ ಅಲುಗದಂತೆ ಹಲಗೆ ಕಟ್ಟಿ, ಹಗ್ಗದಿಂದ ಬಿಗಿಯಬೇಡಿ, ಕೊಯ್ಯಬೇಡಿ, ನಡೆಸಬೇಡಿ. 108ಕ್ಕೆ ಕರೆ ಮಾಡುವಾಗಲೇ ಅಳಿವೆಯ ಹಾವು ಎಂದು ಹೇಳಿ. ಹಾವನ್ನು ಕೊಂದು ಪ್ಲಾಸ್ಟಿಕ್ ಚೀಲದಲ್ಲಿ ತರುವುದು ಬೇಡ, ದೂರದಿಂದ ಬಾಲ ಕಾಣುವಂತೆ ಒಂದು ಫೋಟೋ ಸಾಕು. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತ ವರದಿ ಮಾಡಲೇಬೇಕಾದ ಪ್ರಕರಣ, ಆಸ್ಪತ್ರೆಯವರು ಹಾವಿನ ವಿವರ ಕೇಳಿದರೆ ಫೋಟೋ ಅಲ್ಲಿಗೂ ಬೇಕಾಗುತ್ತದೆ.

ಬೀಸುಬಲೆ

ಬಿಡಿಸುವ ಕೆಲಸದ ಬಗ್ಗೆ ಯಾರೂ ಬರೆಯಲಿಲ್ಲ.

ಬಲೆಯನ್ನು ಗಾಳಿಯಲ್ಲಿ ಎತ್ತಿ ಹಿಡಿದು ಕೊಡವಬೇಡಿ. ತೂಕ ಬಿದ್ದಷ್ಟೂ ನೈಲಾನ್ ನೂಲು ಕುತ್ತಿಗೆಗೆ ಬಿಗಿಯುತ್ತದೆ. ಸಮತಟ್ಟು ಜಾಗದಲ್ಲಿ, ನೆರಳಲ್ಲಿ ಹರಡಿ. ಒದ್ದೆ ಗೋಣಿ ಚೀಲವನ್ನು ನಾಲ್ಕು ಪದರ ಮಡಚಿ ಹಾವಿನ ತಲೆಯ ಮೇಲೆ ಹಾಕಿ. ಕತ್ತಲಾದರೆ ಅರ್ಧ ಒದ್ದಾಟ ನಿಲ್ಲುತ್ತದೆ. ಒಬ್ಬರು ಗೋಣಿಯ ಮೇಲಿಂದ ತಲೆಯ ಹಿಂಭಾಗವನ್ನು ಅದುಮದೆ ತಡೆದು ಹಿಡಿಯಬೇಕು, ಇನ್ನೊಬ್ಬರು ಬಿಡಿಸಬೇಕು. ಒಬ್ಬರೇ ಮಾಡುವ ಕೆಲಸ ಅಲ್ಲ ಇದು. ದಪ್ಪ ಚರ್ಮದ ಕೈಗವಸು ಇದ್ದರೆ ಹಿಡಿಯುವವರಿಗೆ ಕೊಡಿ, ಬಿಡಿಸುವವರಿಗೆ ಅದು ತೊಡಕು.

ಹಾವು ಬಲೆಯ ಕಣ್ಣಿಗೆ ತಲೆ ತೂರಿಸಿ ಮುಂದಕ್ಕೆ ಹೋಗಿರುತ್ತದೆ. ಹಿಂದಕ್ಕೆ ಎಳೆದರೆ ಏಣು ಇರುವ ಹುರುಪೆ ನೂಲಿಗೆ ಕೊಕ್ಕೆಯಂತೆ ಸಿಕ್ಕಿ ಕಿತ್ತು ಬರುತ್ತದೆ, ಕೆಳಗೆ ರಕ್ತ ಕಾಣುತ್ತದೆ. ಎಳೆಯುವುದೇ ಬೇಡ. ಮೊಂಡು ತುದಿಯ ಸಣ್ಣ ಕತ್ತರಿಯನ್ನು ಮೈಗೆ ಸಮಾನಾಂತರವಾಗಿ, ಬಾಲದ ಕಡೆಯಿಂದ ತಲೆಯ ಕಡೆಗೆ ಅಲ್ಲ, ತಲೆಯ ಕಡೆಯಿಂದ ಬಾಲದ ಕಡೆಗೆ ನೂಲಿನ ಅಡಿಗೆ ಜಾರಿಸಿ. ಹುರುಪೆಗಳು ಹಿಂದಕ್ಕೆ ಮಲಗಿರುವುದರಿಂದ ಆ ದಿಕ್ಕಿನಲ್ಲಿ ತುದಿ ಅವುಗಳ ಅಡಿಗೆ ಹೋಗುವುದಿಲ್ಲ. ಅತಿ ಬಿಗಿ ಇರುವ ಒಂದೆರಡು ಕಣ್ಣು ಕತ್ತರಿಸಿದರೆ ಉಳಿದದ್ದು ತಾನೇ ಸಡಿಲ. ಮೂರು ನಾಲ್ಕು ಕಣ್ಣು ಹೋದರೆ ಬಲೆ ಹಾಳಾಗುವುದಿಲ್ಲ, ಹೆಣೆದರೆ ಆಯಿತು.

ಕೊನೆಗೆ ಕುತ್ತಿಗೆಯ ಸುತ್ತ ಬೆರಳಾಡಿಸಿ ಅಲ್ಲ, ಕಣ್ಣಿಂದ ನೋಡಿ. ಒಂದು ಎಳೆ ಚರ್ಮದೊಳಗೆ ಹೂತಿದ್ದರೆ ಹೊರಗೆ ಒಂದು ಗೆರೆಯಂತೆ ಮಾತ್ರ ಕಾಣುತ್ತದೆ. ಅದನ್ನು ಹಾಗೇ ಬಿಟ್ಟರೆ ಹಾವು ಮೀನು ನುಂಗಲಾರದೆ ಸಾಯುತ್ತದೆ.

ಗಾಳ ನುಂಗಿದ್ದರೆ ಒಳಗಿಂದ ಎಳೆಯಬೇಡಿ. ತುಟಿಗೆ ಸಿಕ್ಕಿದ್ದರೆ ಮುಳ್ಳಿನ ತುದಿ ಕತ್ತರಿಸಿ ತೆಗೆಯಬಹುದು, ಹೊಟ್ಟೆಗೆ ಹೋಗಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಹೇಳಿ, ಪಶುವೈದ್ಯರ ಕೆಲಸ ಅದು.

ಏಡಿ ಬಲೆಯಲ್ಲಿ ಸಾಯುವುದಕ್ಕೆ ಕಾರಣ ಉಸಿರು. ಹಾವಿಗೆ ಕಿವಿರು ಇಲ್ಲ. ಹೊಳ್ಳೆಗೆ ಮುಚ್ಚಳ ಇರುವುದರಿಂದ ಮುಳುಗಿರುತ್ತದೆ, ಆದರೆ ಮೇಲೆ ಬಂದು ಗಾಳಿ ತೆಗೆದುಕೊಳ್ಳಲೇಬೇಕು. ಇಳಿತದಲ್ಲಿ ಬಲೆ ಇಟ್ಟು ಮನೆಗೆ ಹೋಗುತ್ತೀರಿ, ಮೀನಿನ ತಲೆಯ ವಾಸನೆಗೆ ಹಾವು ಒಳಬರುತ್ತದೆ, ಭರತ ಏರಿ ಬಲೆ ಪೂರ್ತಿ ಮುಳುಗುತ್ತದೆ. ಅಷ್ಟೇ. ಹುಣ್ಣಿಮೆ ಅಮಾವಾಸ್ಯೆಗೆ ಇಲ್ಲಿ ನೀರು ಒಂದೂವರೆ ಮೀಟರಿನ ಆಸುಪಾಸು ಏರಿಳಿಯುತ್ತದೆ. ಪೆಟ್ಟಿಗೆ ಆಕಾರದ ಬಲೆ ಆದರೆ ಒಂದು ಬದಿಯನ್ನು ಗೂಟಕ್ಕೆ ಎತ್ತಿ ಕಟ್ಟಿ, ಏರಿದ ನೀರಿನಲ್ಲೂ ನಾಲ್ಕು ಬೆರಳು ಹೊರಗಿರಲಿ. ತೇಲಿಸಬೇಕಾದರೆ ಮುಚ್ಚಿದ ಎರಡು ಖಾಲಿ ಒಂದು ಲೀಟರ್ ಬಾಟಲಿಗಳನ್ನು ಮೇಲಿನ ಮೂಲೆಗೆ ಒಳಗಿಂದ ಕಟ್ಟಿ. ಬಳ್ಳಿ ನೀರು ಏರುವಷ್ಟು ಉದ್ದ ಬಿಡಿ, ಇಲ್ಲದಿದ್ದರೆ ಬಾಟಲಿ ಕಟ್ಟಿಯೂ ಬಲೆ ಕೆಳಗೇ ಉಳಿಯುತ್ತದೆ. ಏಡಿಗೆ ಇದರಿಂದ ತೊಂದರೆ ಇಲ್ಲ, ಅದು ಕೆಳಗಿನ ಮೂಲೆಗೇ ಹೋಗುವುದು.

ತೋಡಿನ_ತಂಗಿ

ಒಂದು ಸಂಶಯ ಅಣ್ಣ. ಬಿಡಿಸಿದ ಹಾವನ್ನು ಮನೆ ಹತ್ತಿರದ ಕೆರೆಗೆ ಬಿಡಬಹುದಾ? ಹೊಳೆಗೆ ಬಿಟ್ಟರೆ ಮತ್ತೆ ಅದೇ ಬಲೆಗೆ ಬರುತ್ತದಲ್ಲ. ಮತ್ತೆ ಇದು ಮೀನು ಖಾಲಿ ಮಾಡುತ್ತದೆ ಅಂತ ಮನೆಯಲ್ಲಿ ಹೇಳ್ತಾರೆ.

ಕಾಂಡ್ಲಾ_ಕಾವಲು

ಕೆರೆಗೆ ಬೇಡಮ್ಮ. ಮಳೆಗಾಲದಲ್ಲಿ ಹೊಳೆ ಅಳಿವೆಯವರೆಗೂ ಸಿಹಿಯಾದಾಗ ಈ ಹಾವು ಅಲ್ಲೇ ಇರುತ್ತದೆ, ಸಿಹಿನೀರು ಅದನ್ನು ಕೊಲ್ಲುವುದಿಲ್ಲ. ಆದರೆ ಅದಕ್ಕೆ ಬೇಕಾದ ಕೆಸರುದಂಡೆ, ಏಡಿ ಬಿಲ, ಭರತಕ್ಕೆ ಬರುವ ಮೀನು ಕೆರೆಯಲ್ಲಿ ಎಲ್ಲಿ ಸಿಗಬೇಕು? ಉಪ್ಪುನೀರಿನಲ್ಲಿ ಬದುಕುವುದಕ್ಕೆ ಅದರಲ್ಲಿ ವ್ಯವಸ್ಥೆಯೂ ಉಂಟು: ಮೇಲ್ದವಡೆಯ ಮುಂತುದಿಯ ಒಂದು ಗ್ರಂಥಿ ಹೆಚ್ಚಾದ ಉಪ್ಪನ್ನು ಹೊರಹಾಕುವ ಗ್ರಂಥಿಯಾಗಿರಬಹುದು ಎಂದು 1979ರಲ್ಲಿ ಬರೆದಿದ್ದಾರೆ. ಕಡಲ ಹಾವುಗಳಿಗೆ ಅದು ನಾಲಗೆಯ ಕೆಳಗೆ ಇರುವುದು. ಡಿಸೆಂಬರ್ ಹೊತ್ತಿಗೆ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ಮೇಲೆ ಮೇಲ್ಬದಿ ಸಿಹಿ, ಕೆಳಬದಿ ಉಪ್ಪು. ಆಗ ನೀರೊಳ್ಳೆ ಮೇಲೆ, ಇದು ಕೆಳಗೆ ಎಂದು ಒಂದು ಅಂದಾಜಿಗೆ ಇಟ್ಟುಕೊಳ್ಳಬಹುದು.

ಸಿಕ್ಕಿದ ಜಾಗದಿಂದ ನೂರು, ನೂರೈವತ್ತು ಮೀಟರ್ ಆಚೆ, ಅದೇ ದಂಡೆಯ ಕಾಂಡ್ಲಾ ಬೇರಿನ ನಡುವೆ, ಭರತ ಏರುತ್ತಿರುವಾಗ ಬಿಡಿ. ಇಳಿತದಲ್ಲಿ ಹಗಲು ಹೊತ್ತು ಬಿಟ್ಟರೆ ಬೋಳು ಕೆಸರಿನ ಮೇಲೆ ಗಿಡುಗನ ಕಣ್ಣಿಗೆ ಬೀಳುತ್ತದೆ. ಬಿಟ್ಟ ಮೇಲೆ ನಿಂತು ನೋಡಿ. ಗಟ್ಟಿ ನೆಲದಲ್ಲಿ ಅಂಕುಡೊಂಕಾಗಿ ಹೋಗುವ ಹಾವು ಜಾರುವ ಕೆಸರು ಸಿಕ್ಕ ಕೂಡಲೇ ಮೈಯನ್ನು ಸುರುಳಿಯಾಗಿ ಎತ್ತಿ ಎತ್ತಿ ಪಕ್ಕಕ್ಕೆ ಹಾಕುತ್ತಾ ಓಡುತ್ತದೆ. ಮರುಭೂಮಿಯ ಮರಳಿನ ಹಾವುಗಳದ್ದೇ ನಡಿಗೆ ಅದು. ಕೆಸರಿನಲ್ಲಿ ಉಳಿಯುವ ಗುರುತು ಒಂದಕ್ಕೊಂದು ಸೇರದ ಓರೆ ಗೆರೆಗಳು. ಬೆಳಿಗ್ಗೆ ಇಳಿತದಲ್ಲಿ ದಂಡೆ ನೋಡಿದರೆ ರಾತ್ರಿ ಎಷ್ಟು ಹಾವು ಓಡಾಡಿವೆ ಎಂದು ತಿಳಿಯುತ್ತದೆ, ಬಲೆ ಎಲ್ಲಿ ಇಡಬಾರದು ಎಂದೂ ತಿಳಿಯುತ್ತದೆ.

ಮೀನು ಖಾಲಿ ಮಾಡುವ ಮಾತು ಸುಳ್ಳು. ಅದು ತಿನ್ನುವುದರಲ್ಲಿ ಹೆಚ್ಚಿನದು ಕೆಸರಲ್ಲಿ ಜಿಗಿದಾಡುವ ಮೀನು, ಬಿಲದ ಸಣ್ಣ ಮೀನು. ಮಾರುಕಟ್ಟೆಗೆ ಹೋಗುವಂಥದ್ದು ಬಹಳ ಕಡಿಮೆ. ಏಡಿಗೂ ಅದು ಕೈ ಹಾಕುವುದು ಅಪರೂಪ. ಏಡಿ ತಿನ್ನುವ ಹಾವು ಬೇರೆ, ಇದೇ ಬಳಗದ ಗೆರಾರ್ಡಾ. ಆಗಷ್ಟೇ ಚಿಪ್ಪು ಕಳಚಿ ಮೆತ್ತಗಾದ ಏಡಿಯನ್ನು ಹಿಡಿದು, ತನ್ನದೇ ಮೈಯ ಸುರುಳಿಯ ನಡುವಿನಿಂದ ಎಳೆದು ತುಂಡು ಮಾಡಿ ತಿನ್ನುತ್ತದೆ. ಹಾವು ಆಹಾರವನ್ನು ಇಡಿಯಾಗಿಯೇ ನುಂಗುತ್ತದೆ ಎಂಬ ಮಾತಿಗೆ ಅಪವಾದ ಎಂದು 2002ರಲ್ಲಿ ಅದು ಸುದ್ದಿಯಾಗಿತ್ತು.

ಇನ್ನೊಂದು, ಹೊಟ್ಟೆ ಉಬ್ಬಿದ ಹಾವು ಸಿಕ್ಕಿದರೆ ಒತ್ತಿ ಹಿಡಿಯಬೇಡಿ. ನೀರೊಳ್ಳೆ ಮೊಟ್ಟೆ ಇಡುತ್ತದೆ, ಇದು ಮರಿ ಹಾಕುತ್ತದೆ. ಒಂದು ಸಲಕ್ಕೆ ಹತ್ತಿಪ್ಪತ್ತು ಮರಿ ಆ ಹೊಟ್ಟೆಯಲ್ಲಿ ಇರಬಹುದು.

ಗಾಳದ_ಗೆಳೆಯ

ಬಾವಿಯಲ್ಲಿ ಕಾಣುವುದು ಇದೇನಾ ಹಾಗಾದರೆ? ನಮ್ಮ ಕಡೆ ಕೊಂದೇ ಬಿಡ್ತಾರೆ.

ಪಾಠದ_ಮೇಷ್ಟ್ರು

ಬಾವಿಯದ್ದು ಬಹುಪಾಲು ನೀರೊಳ್ಳೆ. ಹಸಿರು ಮಿಶ್ರಿತ ಕಂದು ಮೈ, ಹಳದಿ ಹೊಟ್ಟೆ, ಮಚ್ಚೆಯೇ ಇಲ್ಲದಿದ್ದರೆ ಇನ್ನೊಂದು ನೀರು ಹಾವು, ಅಟ್ರೇಟಿಯಂ. ಎರಡರಿಂದಲೂ ಜೀವಕ್ಕೆ ಅಪಾಯ ಇಲ್ಲ. ನೀರೊಳ್ಳೆ ಕಚ್ಚಿದರೆ ರಕ್ತ ಮಾತ್ರ ಜೋರಾಗಿ ಬರುತ್ತದೆ, ಅದನ್ನು ನೋಡಿಯೇ ಜನ ಗಾಬರಿ ಬೀಳುವುದು. ಬಾವಿಗೆ ಒಂದು ಒರಟು ಹಗ್ಗವೋ ಅಡಿಕೆ ಸಲಾಕೆಯೋ ಓರೆಯಾಗಿ ಇಳಿಬಿಟ್ಟರೆ ರಾತ್ರಿ ತಾನೇ ಹತ್ತಿ ಹೋಗುತ್ತದೆ. ನೀರೊಳ್ಳೆ, ಅಟ್ರೇಟಿಯಂ, ನಾಯಿಮುಖದ ಹಾವು ಮೂರೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ರಕ್ಷಣೆಯಲ್ಲಿವೆ. ನಾಗನಿಗೆ ತನು ಹಾಕಿ (ಹಾಲೆರೆದು) ಬಂದು ಇವನ್ನು ಬಡಿದರೆ ಕಾನೂನಿಗೆ ಎರಡೂ ಹಾವೇ.

ಹೊಳೆಬದಿ_ಉಡುಪಿ

ಬೀಸುಬಲೆಯವರೆ, ಬಾಟಲಿ ಒಳಗಿಂದ ಕಟ್ಟಿದರೆ ಏಡಿ ಕೊಂಬಿನಿಂದ ಬಳ್ಳಿ ಕತ್ತರಿಸುವುದಿಲ್ಲವಾ?

ಬೀಸುಬಲೆ

ಹತ್ತಿ ಬಳ್ಳಿ ಆದರೆ ಕತ್ತರಿಸುತ್ತದೆ. ಮೂರು ಮಿಲಿಮೀಟರ್ ನೈಲಾನ್ ಹಾಕಿ, ಗಂಟಿನ ತುದಿಯನ್ನು ಬೆಂಕಿಗೆ ಹಿಡಿದು ಕರಗಿಸಿ. ಕುತ್ತಿಗೆ ಇರುವ ಬಾಟಲಿ ಆದರೆ ಮುಚ್ಚಳದ ಕೆಳಗೆ ಎರಡು ಸುತ್ತು ಹಾಕಿದರೆ ಜಾರುವುದಿಲ್ಲ.